ದನಿ ಕಳೆದುಕೊಂಡ ಭವನ

ಮಂಗಳವಾರ ಬೆಳಗ್ಗೆ ಒಂಬತ್ತೂವರೆಗೆ ಶ್ರುತಿಗಾರ ಪಿಯಾನೋದ ನಡುವಿನ ಬಿಳಿ ಕೀಲಿಯೊಂದನ್ನು ಒತ್ತಿದ. ಒತ್ತಿದ ಬೆರಳನ್ನು ತೆಗೆಯದೆ ಹಾಗೆಯೇ ಕುಳಿತ.

ಸ್ವರ ಹುಟ್ಟಿತು. ಶುದ್ಧವಾಗಿಯೇ ಹುಟ್ಟಿತು. ಆದರೆ ಎಲ್ಲಿಗೂ ಹೋಗಲಿಲ್ಲ.

ಇಪ್ಪತ್ತಾರು ವರ್ಷಗಳಿಂದ ಅವನು ಈ ವೇದಿಕೆಯ ಮೇಲೆ ಪಿಯಾನೋ ಶ್ರುತಿ ಮಾಡುತ್ತ ಬಂದವನು. ನಗರ ಸಂಗೀತ ಭವನದಲ್ಲಿ ಒಂದು ಸ್ವರ ಬಿಟ್ಟರೆ ಅದು ಕುರ್ಚಿಯ ಸಾಲುಗಳನ್ನು ದಾಟಿ, ಹಿಂದಿನ ಗೋಡೆ ಮುಟ್ಟಿ, ಬಾಲ್ಕನಿ ಹತ್ತಿ ಇಳಿದು ತಿರುಗಿ ಬರುತ್ತಿತ್ತು. ಹೊಸ್ತಿಲಲ್ಲಿ ನಿಂತು ಕರೆದರೆ ಒಳಕೋಣೆಯಿಂದ ಯಾರೋ ‘ಬಂದೆ’ ಎಂದ ಹಾಗೆ. ಇವತ್ತು ಅದು ಒದ್ದೆ ಬಟ್ಟೆಯಂತೆ ಅವನ ಕಾಲ ಬಳಿಯೇ ಬಿತ್ತು.

ಅವನು ಚಪ್ಪಾಳೆ ತಟ್ಟಿ ನೋಡಿದ. ಕೆಮ್ಮಿ ನೋಡಿದ. ಕೊನೆಯ ಸಾಲಿನವರೆಗೆ ನಡೆದು ಹೋಗಿ, ಅಲ್ಲಿಂದ ತನ್ನದೇ ಅಡ್ಡಹೆಸರನ್ನು ಕೂಗಿ ನೋಡಿದ. ಭವನ ಓಗೊಡಲಿಲ್ಲ. ನಲವತ್ತೆಂಟು ವರ್ಷದ ಗಂಡಸು ಖಾಲಿ ಕುರ್ಚಿಗಳ ನಡುವೆ ನಿಂತು ಕಣ್ಣೊರೆಸಿಕೊಂಡದ್ದನ್ನು ಪುಣ್ಯಕ್ಕೆ ಯಾರೂ ನೋಡಲಿಲ್ಲ.

ಭವನವನ್ನು ಟೈರು ಮಾಡುವ ದೊಡ್ಡ ಕಂಪನಿಯೊಂದು ಕೊಂಡು ಎರಡು ತಿಂಗಳಾಗಿತ್ತು. ಹಳೆಯ ಹೆಸರು ಹೋಗಿ ಶನಿವಾರದಿಂದ ಕಂಪನಿಯ ಹೆಸರು ಬರುವುದಿತ್ತು. ಆರು ವಾರ ಬಾಗಿಲು ಹಾಕಿ ರಿಪೇರಿ ನಡೆದಿತ್ತು. ಕುರ್ಚಿಗಳಿಗೆ ಹೊಸ ಬಟ್ಟೆ, ಹೊಸ ಪರದೆ, ಗೋಡೆಗೆ ಹೊಸ ಬಣ್ಣ. ಪಿಯಾನೋ ಅಷ್ಟೂ ದಿನ ಹಿಂಬದಿಯ ಅವನ ಕೋಣೆಯಲ್ಲಿತ್ತು. ಸೋಮವಾರವಷ್ಟೇ ವೇದಿಕೆಗೆ ಬಂದಿತ್ತು. ಆರು ವಾರಗಳಲ್ಲಿ ಭವನದೊಳಗೆ ಹುಟ್ಟಿದ ಮೊದಲ ಸ್ವರವೇ ಅವನು ಒತ್ತಿದ್ದು.

ಸುದ್ದಿ ಮಧ್ಯಾಹ್ನದೊಳಗೆ ಬೀದಿಗೆ ಬಿತ್ತು. ‘ಟೈರಿನವರು ಕೊಂಡರು, ಗಾಳಿ ಹೋಯಿತು’ ಎಂದು ಎದುರಿನ ಟೀ ಅಂಗಡಿಯವನು ನಕ್ಕ. ಶ್ರುತಿಗಾರನಿಗೆ ನಗು ಬರಲಿಲ್ಲ. ಯಾಕೆಂದರೆ ಮಾರಾಟದ ಪತ್ರದಲ್ಲಿ ಒಂದು ಮಾತಿತ್ತು. ಶುಕ್ರವಾರ ಮೂವರು ತಜ್ಞರು ಬಂದು ಭವನದ ದನಿಯನ್ನು ಕೇಳಬೇಕು. ಕಂಪನಿಯ ರಿಪೇರಿಯಿಂದ ದನಿ ಕೆಟ್ಟಿದ್ದರೆ ಮಾರಾಟವೇ ರದ್ದು. ಯಾರ ತಪ್ಪೂ ಇಲ್ಲದೆ ಕೆಟ್ಟಿದ್ದರೆ, ಇಲ್ಲಿ ಸಂಗೀತ ನಡೆಸಲೇಬೇಕೆಂಬ ಕರಾರಿನಿಂದ ಕಂಪನಿಗೆ ಬಿಡುಗಡೆ. ಆಮೇಲೆ ಇಲ್ಲಿ ಟೈರನ್ನೇ ಜೋಡಿಸಿಟ್ಟು ಮಾರಿದರೂ ಕೇಳುವವರಿಲ್ಲ.

ಅಂದರೆ ದನಿ ಸತ್ತರೆ ಸಂಗೀತದವರಿಗೂ ಲಾಭ, ಕಂಪನಿಗೂ ಲಾಭ. ಇಬ್ಬರೂ ಒಬ್ಬರನ್ನೊಬ್ಬರು ಬೆರಳು ಮಾಡಿ ತೋರಿಸಿದರು.

ಕಂಪನಿಯ ಅಧಿಕಾರಿ ಬೆರಳಿನ ಜೊತೆಗೆ ಶ್ರುತಿಗಾರನ ಹೆಸರನ್ನೂ ಎತ್ತಿದ. ಅಚ್ಚುಕಟ್ಟಾದ, ಮೆತ್ತನೆ ಮಾತಿನ ಮನುಷ್ಯ. ಪರದೆ ಇಳಿಸಿ ನೋಡಿದ್ದಾಯಿತು, ಹತ್ತು ಸಾಲು ಕುರ್ಚಿಯ ಬಟ್ಟೆ ಬಿಚ್ಚಿ ನೋಡಿದ್ದಾಯಿತು, ಏನೂ ವ್ಯತ್ಯಾಸವಿಲ್ಲ. ಅಂದ ಮೇಲೆ ರಿಪೇರಿಯ ತಪ್ಪಲ್ಲ ಎಂದ. ಆರು ವಾರ ಎಲ್ಲ ಬಾಗಿಲುಗಳ ಬೀಗದಕೈ ಶ್ರುತಿಗಾರನ ಹತ್ತಿರವೇ ಇತ್ತು, ಮಾರಾಟ ಬೇಡವೆಂದು ಬರೆದ ಪತ್ರದಲ್ಲಿ ಅವನ ರುಜುವೂ ಇದೆ ಎಂದ.

“ಶುಕ್ರವಾರದೊಳಗೆ ಕಾರಣ ಸಿಗದಿದ್ರೆ ನಾನು ಪೊಲೀಸರಿಗೆ ಬರೆದುಕೊಡಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ.”

ಬೇಜಾರು ಮಾಡಿಕೊಳ್ಳದೆ ಇರುವುದು ಹೇಗೆಂದು ಶ್ರುತಿಗಾರನಿಗೆ ತಿಳಿಯಲಿಲ್ಲ. ಮನೆಯಲ್ಲಿ ಹೆಂಡತಿಗೆ ಮಾತ್ರ ಹೇಳಿದ. ತನ್ನನ್ನು ಸಾಕಿ, ಈ ಕೆಲಸಕ್ಕೆ ಹಚ್ಚಿದ ಸೋದರಮಾವನಿಗೆ ಹೇಳಬೇಡ ಎಂದೂ ಹೇಳಿದ. ಮುದುಕರಿಗೆ ಯಾಕೆ ಇಲ್ಲದ ಚಿಂತೆ?

ಬುಧವಾರ ಬೆಳಗ್ಗೆ ಇನ್ಸ್‌ಪೆಕ್ಟರಮ್ಮ ಬಂದಳು.

ಪೊಲೀಸ್ ಕೆಲಸದಿಂದ ನಿವೃತ್ತಳಾಗಿ ಐದು ವರ್ಷವಾದರೂ ಊರಿಗೆಲ್ಲ ಅವಳು ಇನ್ಸ್‌ಪೆಕ್ಟರಮ್ಮನೇ. ಗಿಡ್ಡ ಆಳು, ದಪ್ಪ ಕನ್ನಡಕ, ಕೈಯಲ್ಲೊಂದು ಬಟ್ಟೆಯ ಚೀಲ. ಕರೆಸಿದ್ದು ವಾದ್ಯವೃಂದದ ಮುಖ್ಯಸ್ಥೆ. ಅವಳನ್ನು ಎಲ್ಲರೂ ಕರೆಯುವುದು ಪಿಟೀಲಮ್ಮ ಎಂದು. ಪಿಟೀಲಮ್ಮ ನಾಲ್ಕು ಸ್ವರ ನುಡಿಸಿ, ಕೇಳಿಸಿತಾ, ಎಷ್ಟು ಮಂಕಾಗಿದೆ ನೋಡಿ ಎಂದಳು.

“ನನಗೇನು ಕೇಳುತ್ತೆ, ತಾಯಿ? ನನ್ನ ಮುಂದೆ ಸಂಗೀತ ಅಂದ್ರೆ ಕೋಣನ ಮುಂದೆ ಕಿನ್ನರಿ. ನೀವಿಬ್ರೂ ಹೋಗಿದೆ ಅಂದ್ರಿ, ಹೋಗಿದೆ ಅಂತ ಬರ್ಕೋತೀನಿ.” ಆಮೇಲೆ ಶ್ರುತಿಗಾರನ ಕಡೆ ತಿರುಗಿದಳು. “ನೀವು ನನ್ನ ಜೊತೆ ಬನ್ನಿ. ನಿಮ್ಮ ಕಿವಿ, ನನ್ನ ಕಣ್ಣು.”

“ಮೇಡಂ, ಅಪವಾದ ಇರೋದೇ ನನ್ನ ಮೇಲೆ.”

“ಅದಕ್ಕೇ. ಕಣ್ಣ ಮುಂದೆ ಇದ್ದರೆ ಒಳ್ಳೇದು.”

ಅವಳು ಪರದೆಯನ್ನೂ ಮುಟ್ಟಲಿಲ್ಲ, ಕುರ್ಚಿಯನ್ನೂ ಮುಟ್ಟಲಿಲ್ಲ. ನೆಟ್ಟಗೆ ಗೇಟಿಗೆ ಹೋಗಿ ಕಾವಲುಗಾರನ ಪುಸ್ತಕ ಕೇಳಿದಳು. ಆರು ವಾರಗಳಲ್ಲಿ ಒಳಗೆ ಬಂದದ್ದರ ಪಟ್ಟಿ ಹನ್ನೊಂದು ಪುಟ. ಹೊರಗೆ ಹೋದದ್ದರ ಪಟ್ಟಿ ಅರ್ಧ ಪುಟ. ಅವಳು ಅರ್ಧ ಪುಟವನ್ನಷ್ಟೇ ಓದಿದಳು. ಹಳೆಯ ಪರದೆ. ಮುರಿದ ಕುರ್ಚಿ. ಒಡೆದ ಹೆಂಚು. ಮೇಸ್ತ್ರಿಯ ಉಪಕರಣದ ಪೆಟ್ಟಿಗೆ. ಮೇಸ್ತ್ರಿಯ ಮನೆಸಾಮಾನು, ಮೂರು ಗಾಡಿ.

“ಮೇಸ್ತ್ರಿ ಯಾರು?”

“ನನ್ನ ಸೋದರಮಾವ. ಈ ವೇದಿಕೆ ಅವರ ಕೈಯಲ್ಲೇ ಆಗಿದ್ದು. ಕಂಪನಿ ಬಂದ ಮೇಲೆ ಬಡಗಿಯ ಕೆಲಸ ಬೇಕಾಗಲಿಲ್ಲ, ಮನೆಗೆ ಹೋದ್ರು.”

“ಮನೆಸಾಮಾನು ಇಲ್ಲಿ ಯಾಕಿತ್ತು?”

ಅತ್ತೆ ತೀರಿಕೊಂಡ ಮೇಲೆ ಮಾವ ಹೆಚ್ಚಿನ ದಿನ ಹಿಂಬದಿಯ ತಮ್ಮ ಶೆಡ್ಡಿನಲ್ಲೇ ಮಲಗುತ್ತಿದ್ದರು, ಅಲ್ಲೇ ಅನ್ನ ಬೇಯಿಸಿಕೊಳ್ಳುತ್ತಿದ್ದರು ಎಂದು ಅವನು ವಿವರಿಸಿದ. ಇನ್ಸ್‌ಪೆಕ್ಟರಮ್ಮ ತಲೆಯಾಡಿಸಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಆಮೇಲೆ ವೇದಿಕೆಯ ಕೆಳಗೆ ಏನಿದೆ ಎಂದಳು.

ಗೊತ್ತಿಲ್ಲವೆಂದು ಹೇಳಲು ಅವನಿಗೆ ನಾಚಿಕೆಯಾಯಿತು. ಚಿಕ್ಕಂದಿನಲ್ಲಿ ಅಲ್ಲಿಗೆ ಹೋಗಲು ಹಟ ಮಾಡಿದಾಗಲೆಲ್ಲ ಮಾವ, ಒಳಗೆ ಹಾವಿದೆ ಎನ್ನುತ್ತಿದ್ದರು. ದೊಡ್ಡವನಾದ ಮೇಲೆ ಹಾವಿನ ಭಯ ಹೋಯಿತು; ಹೋಗುವ ಆಸೆಯೂ ಹೋಗಿತ್ತು. ಮೊಣಕಾಲೆತ್ತರದ ಬಾಗಿಲು ತೆಗೆದು, ಟಾರ್ಚು ಹಿಡಿದು, ಇಬ್ಬರೂ ತೆವಳಿಕೊಂಡು ಒಳಗೆ ಹೋದರು.

ಒಳಗೆ ಒಂದು ಜೇಡರ ಬಲೆಯಿಲ್ಲ. ಯಾರೋ ಮನೆಯಂಗಳದಂತೆ ಗುಡಿಸಿದ್ದರು. ನೆಲದ ಮೇಲೆ ದಪ್ಪ ಹಲಗೆಗಳು. ಹಲಗೆಗಳಲ್ಲಿ ದುಂಡಗೆ ಕೊರೆದ ಗುಳಿಗಳು. ಒಂದು ಅಂಗೈಯಷ್ಟು, ಇನ್ನೊಂದು ತಟ್ಟೆಯಷ್ಟು. ಅರ್ಧಚಂದ್ರದ ಆಕಾರದಲ್ಲಿ ಒಟ್ಟು ಇಪ್ಪತ್ತೊಂದು. ಎಲ್ಲವೂ ಖಾಲಿ.

“ಇಲ್ಲೇನಿತ್ತು?”

ಅವನಿಗೆ ಗೊತ್ತಿರಲಿಲ್ಲ. ಪಿಟೀಲಮ್ಮನಿಗೂ ಗೊತ್ತಿರಲಿಲ್ಲ. ಕಂಪನಿಯ ನಕ್ಷೆಯಲ್ಲೂ ಇರಲಿಲ್ಲ. ಹಳೆಯ ಕಂಬಗಳ ಗುರುತಿರಬೇಕು ಎಂದು ಅಧಿಕಾರಿ ಊಹಿಸಿದ. ಇನ್ಸ್‌ಪೆಕ್ಟರಮ್ಮ ಚೀಲದಿಂದ ಹೊಲಿಗೆಯ ದಾರದುಂಡೆ ತೆಗೆದು, ಒಂದೊಂದು ಗುಳಿಯ ಸುತ್ತಳತೆಯನ್ನೂ ತೆಗೆದು, ದಾರಕ್ಕೆ ಗಂಟು ಹಾಕಿಕೊಂಡಳು.

ಮಧ್ಯಾಹ್ನ ಇಬ್ಬರೂ ಮಾವನ ಮನೆಗೆ ಹೋದರು. ಬಸ್ ಡಿಪೋದ ಹಿಂದಿನ ಗಲ್ಲಿ, ಎರಡನೆಯ ಮಹಡಿ, ಒಂದು ಕೋಣೆ, ಒಂದು ಅಡುಗೆಮನೆ. ಅರ್ಧ ಕೆತ್ತಿದ ಸ್ಟೂಲು, ಮರದ ಹೊಟ್ಟು, ಮಂಚದ ಕೆಳಗೆ ಗೋಣಿಚೀಲ ಹೊದಿಸಿದ ಸಾಮಾನು. ಎಪ್ಪತ್ತು ದಾಟಿದ ಮಾವ ಕೆಳಗೆ ಚಾಪೆಯ ಮೇಲೆ ಕುಳಿತು ಉಳಿ ಮಸೆಯುತ್ತಿದ್ದರು. ಅಳಿಯನನ್ನು ನೋಡಿ ಮುಖ ಅರಳಿತು. ಅವನ ಹಿಂದೆ ನಿಂತ ದಪ್ಪ ಕನ್ನಡಕವನ್ನು ನೋಡಿ ಅರಳಿದ್ದು ಅಲ್ಲೇ ನಿಂತಿತು.

“ಮೇಸ್ತ್ರಿಗಳೇ, ಭವನದ ದನಿ ಹೋಗಿದೆ.”

ಮಾವನ ಕೈ ಉಳಿಯ ಮೇಲೆ ನಿಂತಿತು. “ಹೋಯ್ತಾ?”

“ಹೋಗಿದೆ ಮಾವ,” ಎಂದ ಶ್ರುತಿಗಾರ. “ಪಿಯಾನೋ ಬಾರಿಸಿದ್ರೆ ಮುಂದಿನ ಸಾಲಿಗೂ ಮುಟ್ಟಲ್ಲ.”

“ಪೂರ್ತಿ ಹೋಯ್ತಾ? ನಿನ್ನ ಕಿವೀಲೇ ಕೇಳಿದ್ಯಾ?”

“ಕೇಳಿದೆ.”

ಮುದುಕರ ಕಣ್ಣಿನಲ್ಲಿ ಏನೋ ಹೊಳೆಯಿತು. ಸಂತೋಷವೆಂದರೆ ಸಂತೋಷ, ಅಳುವೆಂದರೆ ಅಳು. ಕಂಪನಿಗೆ ತಕ್ಕ ಶಾಸ್ತಿಯಾಯಿತು ಎಂಬ ಖುಷಿಯಿರಬೇಕು ಎಂದುಕೊಂಡ ಅಳಿಯ.

“ವೇದಿಕೆಯ ಕೆಳಗೆ ಏನಿದೆ, ಮೇಸ್ತ್ರಿಗಳೇ?”

“ಏನೂ ಇಲ್ಲ.”

“ಮೊದಲು?”

ಮಾವ ಉಳಿಯ ಅಂಚನ್ನು ಹೆಬ್ಬೆರಳಿನಿಂದ ಸವರಿದರು. ಮೊದಲು ನಾನಿದ್ದೆ, ಹಲಗೆ ಸಡಿಲವಾದರೆ ಕೆಳಗಿಂದ ಬಿಗಿಮಾಡಲು ಹೋಗುತ್ತಿದ್ದೆ ಎಂದರು. ಅಷ್ಟೇ. ಇನ್ಸ್‌ಪೆಕ್ಟರಮ್ಮನೂ ಕೆದಕಲಿಲ್ಲ.

ಬಿಸಿಲಿನಲ್ಲಿ ಓಡಾಡಿ ಇಬ್ಬರಿಗೂ ಗಂಟಲು ಒಣಗಿತ್ತು. ಶ್ರುತಿಗಾರನ ಮನೆ ಹತ್ತಿರವೇ ಇತ್ತು. ಸಂಜೆ ಐದಕ್ಕೆ ಅಲ್ಲಿಗೆ ಹೋದರು. ಹೆಂಡತಿ ಅಡುಗೆಮನೆಯ ಮೂಲೆಯ ಮಡಕೆಯಿಂದ ನೀರು ಬಗ್ಗಿಸಿ ತಂದಿಟ್ಟಳು. ಕೊಡುವಾಗಲೇ ಕ್ಷಮೆ ಕೇಳಿದಳು. ನೀರು ತಣ್ಣಗಿಲ್ಲ, ಮಡಕೆ ನಮ್ಮ ಮನೆಗೆ ಹೊಸದು, ಮಾವ ಕೊಟ್ಟದ್ದು, ಅತ್ತೆಯ ಕೈಯ ಕೆಲಸವೆಂದು ಇಟ್ಟುಕೊಂಡಿದ್ದೇನೆ ಅಷ್ಟೇ ಎಂದಳು. ಅತ್ತೆ ಕುಂಬಾರರ ಮನೆಯ ಮಗಳು. ಹೋಗಿ ಒಂಬತ್ತು ವರ್ಷವಾಗಿತ್ತು.

“ಅತ್ತೆ ಕೈ ಅಂದ್ರೆ ಚಿನ್ನ. ಇದೊಂದು ಮಾತ್ರ ಯಾಕೋ ಕೆಟ್ಟಿದೆ, ಮೇಡಂ. ಬಾಯಿ ಸೊಟ್ಟ, ಮುಚ್ಚಳ ಕೂರಲ್ಲ. ಮೂರು ವಾರದಿಂದ ಬಿಸಿನೀರೇ ಕುಡೀತಿದೀವಿ.”

ಇನ್ಸ್‌ಪೆಕ್ಟರಮ್ಮ ನೀರು ಕುಡಿದಳು. ಇನ್ನೊಂದು ಲೋಟ ಕೇಳಿ, ಬಗ್ಗಿಸಿಕೊಳ್ಳಲು ತಾನೇ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಾಯಿತು. ಹೊರಗೆ ಬಂದವಳು ನಾಳೆ ಹತ್ತು ಗಂಟೆಗೆ ಎಲ್ಲರೂ ಭವನದಲ್ಲಿರಬೇಕು, ಮಾವನೂ ಬರಲಿ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡಳು.

ಗುರುವಾರ ಹತ್ತಕ್ಕೆ ಮೊದಲ ಸಾಲಿನಲ್ಲಿ ನಾಲ್ವರು ಕುಳಿತಿದ್ದರು: ಅಧಿಕಾರಿ, ಪಿಟೀಲಮ್ಮ, ಶ್ರುತಿಗಾರ, ಮಾವ. ಇನ್ಸ್‌ಪೆಕ್ಟರಮ್ಮ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಳು. ಮಾತಾಡಿದರೆ ಅವಳ ಮಾತು ಪಕ್ಕದಲ್ಲೇ ಸಾಯುತ್ತಿತ್ತು, ಗಟ್ಟಿಯಾಗಿಯೇ ಹೇಳಬೇಕಾಯಿತು.

“ದನಿ ಹೋಯ್ತು ಅಂದ ಕೂಡಲೇ ಎಲ್ಲರೂ ಒಂದೇ ಪ್ರಶ್ನೆ ಕೇಳಿದ್ರಿ. ಹೊಸದಾಗಿ ಏನು ಬಂತು? ಪರದೆ ಬಂತು, ಬಣ್ಣ ಬಂತು, ಕಂಪನಿ ಬಂತು. ನಾನು ಸಂಗೀತ ಗೊತ್ತಿಲ್ಲದವಳು. ಮೂವತ್ತು ವರ್ಷ ಕಳ್ಳತನ ನೋಡಿದವಳು. ಏನಾದ್ರೂ ಕಳೆದುಹೋದ್ರೆ ನಾವು ಕೇಳೋದು, ಏನು ಹೊರಗೆ ಹೋಯ್ತು ಅಂತ. ವೇದಿಕೆಯ ಕೆಳಗಿಂದ ಇಪ್ಪತ್ತೊಂದು ವಸ್ತು ಹೊರಗೆ ಹೋಗಿದೆ.”

“ಏನು ವಸ್ತು?” ಎಂದ ಅಧಿಕಾರಿ.

“ಮಡಕೆ.”

ಶ್ರುತಿಗಾರ ಪಕ್ಕಕ್ಕೆ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ.

“ಸಾಕ್ಷಿ ಇದ್ದದ್ದು ಈ ಶ್ರುತಿಗಾರರ ಅಡುಗೆಮನೇಲಿ. ಮೂರು ವಾರದಿಂದ ಅದರ ನೀರೇ ಕುಡೀತಿದ್ರು. ಅವರ ಮನೆಯವರು ಎರಡು ದೂರು ಹೇಳಿದ್ರು. ನೀರು ತಣ್ಣಗಾಗಲ್ಲ, ಬಾಯಿ ಸೊಟ್ಟ. ಚಿನ್ನದಂಥ ಕೈ ಒಂದೇ ಮಡಕೇಲಿ ಎರಡು ತಪ್ಪು ಮಾಡುತ್ತಾ? ನೀರು ತಣ್ಣಗಾಗಬೇಕಾದ್ರೆ ಮಡಕೆ ಬೆವರಬೇಕು. ಇದನ್ನ ಒಳಗೂ ಹೊರಗೂ ಅರಗು ಬಳಿದು, ಉಜ್ಜಿ ಉಜ್ಜಿ, ಬೆವರದ ಹಾಗೆ ಮಾಡಿದಾರೆ. ಅಂದ್ರೆ ಇದು ನೀರಿಗೆ ಮಾಡಿದ್ದೇ ಅಲ್ಲ. ಬಾಯಿ ಸೊಟ್ಟ ಆಗಿಲ್ಲ, ಬೇಕಂತಲೇ ಓರೆ ಮಾಡಿದಾರೆ — ಕೆಳಗೆ ಇಟ್ಟರೆ ಸಭೆ ಕಡೆ ನೋಡೋ ಹಾಗೆ. ಬುಡಕ್ಕೆ ನನ್ನ ದಾರ ಸುತ್ತಿ ನೋಡಿದೆ. ಏಳನೇ ಗಂಟಿಗೆ ಸರಿಯಾಗಿ ಕೂತ್ಕೊಂಡಿತು.”

ಕಿವಿಯಿಂದ ಬದುಕುವ ತನಗೆ ಮನೆಯಲ್ಲೇ ಇದ್ದ ಆ ಮಡಕೆ ಒಮ್ಮೆಯೂ ಕೇಳಿಸಲಿಲ್ಲವಲ್ಲ ಎಂದುಕೊಂಡ ಶ್ರುತಿಗಾರ. ಕೇಳಿಸುವುದಾದರೂ ಹೇಗೆ, ಬಾಯಿತನಕ ನೀರು ತುಂಬಿಸಿಟ್ಟಿದ್ದರು.

“ಗೇಟಿನ ಪುಸ್ತಕದಲ್ಲಿ ಮನೆಸಾಮಾನು, ಮೂರು ಗಾಡಿ. ಒಂಟಿ ಮನುಷ್ಯ ಶೆಡ್ಡಿನಲ್ಲಿ ಅನ್ನ ಬೇಯಿಸೋಕೆ ಮೂರು ಗಾಡಿ ಸಾಮಾನು ಬೇಕಾ? ಗುಳಿಗಳನ್ನ ಗುಡಿಸಿ ಹೋಗಿದಾರೆ. ಕೆಡಿಸೋಕೆ ಬಂದವನು ಗುಡಿಸಲ್ಲ.” ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. “ಮಡಕೆ ತಗೊಂಡು ಹೋದವರು ಮೇಸ್ತ್ರಿಗಳು. ಬೇರೆ ಯಾರೂ ಅಲ್ಲ.”

ಅಧಿಕಾರಿ ಎದ್ದು ನಿಂತ. ಮಾವ ಕುಳಿತೇ ಇದ್ದರು.

“ಹೌದು,” ಎಂದರು. “ತಗೊಂಡು ಹೋದೆ.”

“ಮಾವ, ನನಗೆ ಹೇಳಬಾರದಿತ್ತಾ? ಪೊಲೀಸರಿಗೆ ಕೊಡ್ತೀನಿ ಅಂತಿದಾರೆ ನನ್ನ.”

“ನಿನ್ನ ಮೇಲೆ ಬಂದಿದೆ ಅಂತ ನೀನು ನನಗೆ ಹೇಳಿದ್ಯೇನೋ?”

ಮಾವ ಹೇಳುತ್ತ ಹೋದರು. ನಲವತ್ತೈದು ವರ್ಷದ ಹಿಂದೆ ಭವನ ಕಟ್ಟಿ ಮುಗಿಸಿದಾಗ ಅದರ ದನಿ ಈಗಿನ ಹಾಗೆಯೇ ಇತ್ತಂತೆ, ಸತ್ತ ದನಿ. ಮೊದಲ ಕಛೇರಿಗೆ ಬಂದವರು ಅರ್ಧಕ್ಕೇ ಎದ್ದು ಹೋದರು. ಹೊಸದಾಗಿ ಮದುವೆಯಾಗಿದ್ದ ಅತ್ತೆ, ಹಲಗೆಯ ಕೆಳಗೆ ಖಾಲಿ ಮಡಕೆ ಇಟ್ಟು ನೋಡಿ ಎಂದಳು. ಮಾವ ನಕ್ಕರು. ಅವಳು ಬಿಡಲಿಲ್ಲ. ನಾಲ್ಕು ತಿಂಗಳು ಒಂದೊಂದಾಗಿ ಮಾಡಿದಳು, ಸುಟ್ಟಳು, ಬಾಯಿಗೆ ಕಿವಿಯಿಟ್ಟು ಕೇಳಿದಳು, ಸರಿಬಾರದ್ದನ್ನು ಒಡೆದಳು. ಮನೆಯಲ್ಲಿ ಜಗಳ ಬೇಡವೆಂದು ಮಾವ ಗುಳಿ ಕೊರೆದು ಇಟ್ಟುಕೊಟ್ಟರು. ಅದೇ ವಾರ ವೇದಿಕೆಯ ಹಲಗೆಗಳನ್ನೆಲ್ಲ ಕಿತ್ತು ಹೊಸದಾಗಿ ಬಿಗಿದರು. ದನಿ ಬಂತು. ಊರೆಲ್ಲ ಬಡಗಿಯ ಬೆನ್ನು ತಟ್ಟಿತು.

“ನಾನೂ ನನ್ನ ಮರದ್ದೇ ಅಂದ್ಕೊಂಡೆ. ಅವಳು ಒಂದು ದಿನ ನಂದು ಅನ್ನಲಿಲ್ಲ. ವರ್ಷಕ್ಕೊಂದು ಸಲ ಕೆಳಗೆ ಹೋಗಿ ಗುಡಿಸಿ, ಒರೆಸಿ ಬರ್ತಿದ್ಲು. ನಾನು ಚುಡಾಯಿಸ್ತಿದ್ದೆ, ನಿನ್ನ ಮಕ್ಕಳಿಗೆ ಸ್ನಾನ ಆಯ್ತಾ ಅಂತ. ಮಕ್ಕಳು ಅಂತ ನಮಗೆ ಬೇರೆ ಇರಲಿಲ್ಲ. ಇವನೊಬ್ಬ, ಅಕ್ಕನ ಮಗ.”

ಕಂಪನಿ ಬಂದು ಬಾಗಿಲಿಗೊಂದು, ಮೆಟ್ಟಿಲಿಗೊಂದು, ಕುರ್ಚಿಯ ಸಾಲಿಗೊಂದು ಹೆಸರು ಹಾಕುವ ಪಟ್ಟಿ ಮಾಡಿದಾಗ ಮಾವ ಕಚೇರಿಗೆ ಹೋಗಿದ್ದರಂತೆ. ಅವಳ ಹೆಸರನ್ನೂ ಎಲ್ಲಾದರೂ ಹಾಕಿ, ಯಾರಿಗೂ ಕಾಣದ ಕಡೆಯಾದರೂ ಆಗಲಿ ಎಂದು ಕೇಳಿದರಂತೆ. ಅರ್ಜಿ ತುಂಬಿಸಲು ಹೇಳಿದರು. ‘ಭವನಕ್ಕೂ ಇವರಿಗೂ ಇರುವ ಸಂಬಂಧ’ ಎಂಬಲ್ಲಿ ಮಾವ ‘ಕೆಳಗೆ ಮಡಕೆ ಇಟ್ಟವಳು’ ಎಂದು ಬರೆದರು. ಕೌಂಟರಿನಲ್ಲಿದ್ದವರು ನಕ್ಕು ಅರ್ಜಿಯನ್ನು ವಾಪಸು ಕೊಟ್ಟರು.

“ಅವರು ನಕ್ಕಿದ್ದಕ್ಕೆ ನನಗೆ ಕೋಪ ಬರಲಿಲ್ಲ. ನಾನೂ ನಕ್ಕಿದ್ದೆನಲ್ಲ. ಹೆಸರು ಬೇಡವಾದ್ರೆ ಅವಳ ವಸ್ತುವೂ ಇಲ್ಲಿ ಬೇಡ ಅಂತ ಗಾಡಿಗೆ ಹಾಕ್ಕೊಂಡೆ. ದನಿ ಹೋಗುತ್ತೆ ಅಂತ ನನಗೆ ಗೊತ್ತಿರಲಿಲ್ಲ, ಸ್ವಾಮಿ. ಮರ ಅಲ್ಲೇ ಇದೆಯಲ್ಲ, ದನಿ ಎಲ್ಲಿ ಹೋಗುತ್ತೆ ಅಂದ್ಕೊಂಡೆ. ಅಷ್ಟೂ ಮನೇಲಿ ಹಿಡಿಸಲಿಲ್ಲ. ಅವಳನ್ನ ಕಂಡಿದ್ದವರಿಗೆ ಒಂದೊಂದು ಕೊಟ್ಟೆ.”

“ನಿನ್ನೆ ಗೊತ್ತಾಯ್ತಲ್ಲ,” ಎಂದಳು ಇನ್ಸ್‌ಪೆಕ್ಟರಮ್ಮ, ಮೆಲ್ಲಗೆ. “ನಿನ್ನೆಯೇ ಯಾಕೆ ಹೇಳಲಿಲ್ಲ?”

“ನೀವು ಹೋದ ಮೇಲೆ ಮಂಚದ ಕೆಳಗಿಂದ ಒಂದನ್ನ ಎಳೆದುಕೊಂಡೆ. ಕಂಠದೊಳಗೆ ಕೈ ಹಾಕಿದ್ರೆ ಅವಳ ಬೆರಳಿನ ಗೆರೆ ಸಿಗುತ್ತೆ. ಬಾಯಿ ಹತ್ರ ಹೇಳಿದೆ, ನಿಂದೇ ಕಣೇ, ನನ್ನ ಮರದ್ದಲ್ಲ ಅಂತ. ಹೇಳಿದ್ದು ಹಾಗೇ ಸುತ್ತಿ ಸುತ್ತಿ ನನ್ನ ಕಿವಿಗೇ ಬಂತು. ನಲವತ್ತೈದು ವರ್ಷ ತಡ. ಒಂದು ದಿನ ನನ್ನ ಹತ್ರ ಇರಲಿ ಅನ್ನಿಸ್ತು. ಇವತ್ತು ನಾನೇ ಹೇಳ್ತಿದ್ದೆ.”

ಶ್ರುತಿಗಾರ ಮಾವನ ಕೈ ಹಿಡಿದುಕೊಂಡ. ಪಿಟೀಲಮ್ಮ ಬೇರೆ ಕಡೆ ನೋಡಿದಳು. ಅಧಿಕಾರಿ ಟೈ ಸರಿಮಾಡಿಕೊಂಡ, ಸರಿಯಾಗಿದ್ದದ್ದು ಓರೆಯಾಯಿತು.

ಪೊಲೀಸರ ಮಾತನ್ನು ಯಾರೂ ಎತ್ತಲಿಲ್ಲ. ಅವತ್ತು ಮಧ್ಯಾಹ್ನದಿಂದ ಸಂಜೆಯವರೆಗೆ ಮಾವನೂ ಅಳಿಯನೂ ಕೈಗಾಡಿ ತಳ್ಳಿಕೊಂಡು ಮನೆ ಮನೆಗೆ ಹೋದರು. ಕಾವಲುಗಾರ ತನ್ನದರಲ್ಲಿ ಅಕ್ಕಿ ತುಂಬಿಸಿಟ್ಟಿದ್ದ. ಹಳೆಯ ಟಿಕೆಟ್ ಗುಮಾಸ್ತ ಕೊಡೆಗಳನ್ನು ನಿಲ್ಲಿಸಿದ್ದ. ಭವನದ ಬಾಗಿಲಲ್ಲಿ ಕೇಳುಗರ ಕೋಟು ಕಾಯುತ್ತಿದ್ದ ಅಜ್ಜಿ ಮಾತ್ರ ಬುಡಕ್ಕೆ ತೂತು ಕೊರೆದು ಮಲ್ಲಿಗೆ ನೆಟ್ಟುಬಿಟ್ಟಿದ್ದಳು, ಗಿಡ ಚಿಗುರಿತ್ತು. ಕಿತ್ತು ಕೊಡುತ್ತೇನೆ ಎಂದು ಅತ್ತಳು. ಬೇಡಮ್ಮ, ಬೇರು ಹಿಡಿದಿದೆ, ಬಿಡು ಎಂದರು ಮಾವ. ಇಪ್ಪತ್ತು ಮಡಕೆ ವಾಪಸು ಬಂದವು. ಯಾವುದು ಯಾವ ಗುಳಿಗೆ ಎಂದು ಮಾವನಿಗೇ ಗೊತ್ತಿರಲಿಲ್ಲ. ಇನ್ಸ್‌ಪೆಕ್ಟರಮ್ಮನ ದಾರ ಹೇಳಿತು.

ಶುಕ್ರವಾರ ತಜ್ಞರು ಮೂವರೂ ಬಂದರು. ಪಿಟೀಲಮ್ಮ ನುಡಿಸಿದಳು. ಮೊದಲ ಸ್ವರ ಕುರ್ಚಿಗಳನ್ನು ದಾಟಿ ಹೋಗಿ ತಿರುಗಿ ಬಂದಾಗ ಶ್ರುತಿಗಾರನಿಗೆ ಕಳೆದುಹೋದ ಮಗು ಬಾಗಿಲಿಗೆ ಬಂದಂತಾಯಿತು. ತಜ್ಞರು ರುಜು ಹಾಕಿದರು. ನಡುವಿನ ಒಂದು ಸ್ವರ ಮಾತ್ರ ಮೊದಲಿನಷ್ಟು ದೂರ ಹೋಗುತ್ತಿಲ್ಲವೆಂದು ಶ್ರುತಿಗಾರನಿಗೆ ಗೊತ್ತಾಯಿತು. ಅವನು ಹೇಳಲಿಲ್ಲ.

ಕಂಪನಿಯ ಹೆಸರು ಬರುವುದನ್ನು ಯಾರೂ ತಡೆಯುವಂತಿರಲಿಲ್ಲ. ಶನಿವಾರ ಬೆಳಗ್ಗೆ ಹೊರಗೆ ಏಣಿಯ ಮೇಲೆ ಹಳೆಯ ಅಕ್ಷರಗಳನ್ನು ಇಳಿಸುತ್ತಿದ್ದರು. ಇನ್ಸ್‌ಪೆಕ್ಟರಮ್ಮ ಒಳಗೆ ಅಧಿಕಾರಿಯ ಮೇಜಿನ ಮುಂದೆ ಕುಳಿತು, ಭವನದ ವಾದ್ಯಗಳ ಪಟ್ಟಿಯಿರುವ ಪುಸ್ತಕವನ್ನು ಕೇಳಿ ತರಿಸಿಕೊಂಡಳು. ಪ್ರತಿಯೊಂದು ವಾದ್ಯಕ್ಕೂ ಒಂದು ಸಾಲು; ಪ್ರತಿ ಸಾಲಿನ ಕೊನೆಗೆ ಅದನ್ನು ತಯಾರಿಸಿದವರ ಹೆಸರು. ಹೆಸರಿಲ್ಲದೆ ವಾದ್ಯವನ್ನು ದಾಖಲು ಮಾಡುವಂತಿಲ್ಲವೆಂದು ಪುಸ್ತಕದ ಮೊದಲ ಪುಟದಲ್ಲೇ ಬರೆದಿತ್ತು.

“ಇವು ಕಟ್ಟಡದ ಭಾಗ ಅಲ್ಲ, ವಾದ್ಯ. ಸಂಗೀತ ಗೊತ್ತಿಲ್ಲದ ನನಗೇ ಗೊತ್ತಾಯ್ತು. ನೀವು ಬರ್ಕೊಳ್ಳಿ.”

ಅಧಿಕಾರಿ ಅವಳ ಮುಖವನ್ನು ನೋಡಿದ, ಪುಸ್ತಕವನ್ನು ನೋಡಿದ. ಅರ್ಜಿಯ ಮೇಲೆ ನಕ್ಕದ್ದು ತಾನಲ್ಲ ಎಂದು ಹೇಳಲು ಬಾಯಿ ತೆರೆದವನು ಹೇಳದೆ ಪೆನ್ನು ತೆಗೆದ. ‘ಮಣ್ಣಿನ ವಾದ್ಯ, ಇಪ್ಪತ್ತು’ ಎಂದು ಬರೆದು, ಬಾಗಿಲಲ್ಲಿ ಅಳಿಯನ ಜೊತೆ ನಿಂತಿದ್ದ ಮಾವನ ಕಡೆ ತಿರುಗಿ, ತಯಾರಿಸಿದವರ ಹೆಸರೇನೆಂದು ಕೇಳಿದ.

ಮಾವ ಹೆಸರು ಹೇಳಿದರು. ಒಂಬತ್ತು ವರ್ಷಗಳಲ್ಲಿ ಅವರ ಬಾಯಿಂದ ಆ ಹೆಸರನ್ನು ಶ್ರುತಿಗಾರ ಕೇಳಿರಲಿಲ್ಲ. ಅಧಿಕಾರಿ ಬರೆದ. ಮಾವ ಹತ್ತಿರ ಬಂದು, ಮೇಜಿಗೆ ಕೈಯೂರಿ, ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದಿದರು.

“ಕೊನೆ ಅಕ್ಷರಕ್ಕೆ ದೀರ್ಘ ಕೊಡಿ, ಸ್ವಾಮಿ. ವೇದಿಕೆ ಮೇಲಿಂದ ಕರೆದ್ರೆ ಕೆಳಗಿದ್ದವಳಿಗೆ ಕೇಳಬೇಕಲ್ಲ. ನಾನು ಎಳೆದೇ ಕರೀತಿದ್ದೆ.”

ಅಧಿಕಾರಿ ದೀರ್ಘ ಕೊಟ್ಟ.